ಹಳೆಯ ಬೋಟಿನ ಬೆಲೆ ಕಟ್ಟುವ ಬಗೆ

ಕಾರವಾರದ ಬೈತಖೋಲದಿಂದ ಮಂಗಳೂರಿನ ದಕ್ಕೆಯವರೆಗೆ, ನಡುವಿನ ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆಗಳನ್ನೂ ಸೇರಿಸಿ, ಕರ್ನಾಟಕದ ಬಂದರುಗಳಲ್ಲಿ ಮೀನುಗಾರಿಕಾ ಬೋಟುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಲೇ ಇರುತ್ತವೆ. ಹೊಸ ಬೋಟ್ ಕಟ್ಟಿಸುವ ಶಕ್ತಿಯಿಲ್ಲದೆ ಕಲಾಸಿಯಾಗಿ, ಅಂದರೆ ಬೋಟಿನ ಆಳಾಗಿ, ದುಡಿದವನು ಸ್ವಂತದ್ದೊಂದನ್ನು ಮಾಡಿಕೊಳ್ಳಲು ಹೊರಟಾಗ, ಅಥವಾ ಅಣ್ಣತಮ್ಮಂದಿರು ಪಾಲಾಗಿ ಕೂಡು ಬೋಟನ್ನು ಮಾರಬೇಕಾದಾಗ, ಎಲ್ಲಕ್ಕಿಂತ ಮೊದಲು ಎದುರಾಗುವುದು ಆ ಹಳೆಯ ಬೋಟಿಗೆ ನ್ಯಾಯವಾದ ಬೆಲೆ ಎಷ್ಟು ಎಂಬ ಪ್ರಶ್ನೆ. ಇದಕ್ಕೆ ದಕ್ಕೆಯಲ್ಲಿ ಬಾಯಿಮಾತಿನ ಉತ್ತರಗಳು ಬೇಕಾದಷ್ಟು ಸಿಗುತ್ತವೆಯಾದರೂ, ಮನೆಯ ಚಿನ್ನವನ್ನು ಅಡವಿಟ್ಟು, ಸಹಕಾರಿ ಸಂಘದ ಸಾಲವನ್ನು ತಲೆಯ ಮೇಲೆ ಹೊತ್ತು ಕೊಳ್ಳುವ ಕುಟುಂಬಕ್ಕೆ ಬಾಯಿಮಾತು ಸಾಲದು. ಬೋಟಿನ ಪ್ರಾಯ ಅಥವಾ ಮೈಮೇಲಿನ ಹೊಸ ಬಣ್ಣ ಅದರ ಬೆಲೆಯನ್ನು ನಿರ್ಧರಿಸುವುದಿಲ್ಲ. ಕಾಯಿದೆಯ ಪ್ರಕಾರ ದುಡಿಯಲು ಅದಕ್ಕೆ ಇನ್ನೆಷ್ಟು ದಿನಗಳು ಉಳಿದಿವೆ, ಆ ದಿನಗಳನ್ನು ಪಡೆಯಲು ಕೊಂಡವನು ಕೈಯಿಂದ ಇನ್ನೆಷ್ಟು ಹಾಕಬೇಕು ಎಂಬ ಎರಡು ಲೆಕ್ಕಗಳ ನಡುವಿನ ಅಂತರವೇ ಅದನ್ನು ನಿರ್ಧರಿಸುತ್ತದೆ.

ಮೌಲ್ಯಮಾಪನ ಶಾಸ್ತ್ರವು ಯಾವುದೇ ದುಡಿಯುವ ಸ್ವತ್ತಿಗೆ ಮೂರು ದಾರಿಗಳಿಂದ ಬೆಲೆ ಕಟ್ಟುತ್ತದೆ. ಅದೇ ಬಗೆಯ ಸ್ವತ್ತುಗಳು ಈಚೆಗೆ ಎಷ್ಟಕ್ಕೆ ಮಾರಾಟವಾದವು ಎಂದು ನೋಡುವುದು ಹೋಲಿಕೆಯ ವಿಧಾನ. ಅಂಥದ್ದನ್ನು ಇಂದು ಹೊಸದಾಗಿ ಕಟ್ಟಿಸಲು ತಗಲುವ ಖರ್ಚಿನಿಂದ ಸವಕಳಿಯನ್ನು ಕಳೆಯುವುದು ವೆಚ್ಚದ ವಿಧಾನ. ಮುಂದಿನ ವರ್ಷಗಳಲ್ಲಿ ಅದು ತರಬಹುದಾದ ನಿವ್ವಳ ಆದಾಯವನ್ನು ಇಂದಿನ ಹಣಕ್ಕೆ ಇಳಿಸಿ ಕೂಡುವುದು ಆದಾಯದ ವಿಧಾನ. ಮನೆ, ನಿವೇಶನಗಳ ವಿಷಯದಲ್ಲಿ ಮೊದಲನೆಯದೇ ಬಹುಮಟ್ಟಿಗೆ ಸಾಕಾಗುತ್ತದೆ. ಬೋಟಿನ ವಿಷಯದಲ್ಲಿ ಅದು ದುರ್ಬಲ, ಏಕೆಂದರೆ ಒಂದೇ ಯಾರ್ಡಿನಲ್ಲಿ ಒಂದೇ ವರ್ಷ ಕಟ್ಟಿದ ಎರಡು ಬೋಟುಗಳೂ ಹತ್ತು ವರ್ಷ ಕಳೆಯುವಷ್ಟರಲ್ಲಿ, ಯಾವ ತಂಡೇಲನ, ಅಂದರೆ ಬೋಟ್ ನಡೆಸುವವನ, ಕೈಯಲ್ಲಿ ಓಡಿದವು, ಎಷ್ಟು ಸಲ ಅಳಿವೆಯ ಹೂಳಿನಲ್ಲಿ ತಳ ತಾಗಿಸಿಕೊಂಡವು, ಮಳೆಗಾಲದಲ್ಲಿ ಎಲ್ಲಿ ಕಟ್ಟಿಹಾಕಲ್ಪಟ್ಟವು ಎಂಬುದರ ಮೇಲೆ ಪೂರ್ತಿ ಬೇರೆಯಾಗಿಬಿಡುತ್ತವೆ. ದಕ್ಕೆಯಲ್ಲಿ ಕೇಳಿಬರುವ ಬೆಲೆಯಾದರೂ ಬಹುತೇಕ ಮಾರುವವನು ಕೇಳಿದ ಬೆಲೆಯೇ ಹೊರತು ಕೈಬದಲಾದ ಹಣವಲ್ಲ. ಕೈಬದಲಾದ ಹಣದಲ್ಲಿಯೂ ಬಲೆ, ರೋಪುಗಳು ಸೇರಿದ್ದವೇ ಎಂಬುದು ಮೂರನೆಯವರಿಗೆ ತಿಳಿಯುವುದಿಲ್ಲ. ಆದ್ದರಿಂದ ಹೋಲಿಕೆಯನ್ನು ಕೊನೆಯ ಪರೀಕ್ಷೆಯಾಗಿ ಇಟ್ಟುಕೊಂಡು, ವೆಚ್ಚ ಮತ್ತು ಆದಾಯದ ದಾರಿಗಳಿಂದ ಹೊರಡುವುದೇ ಲೇಸು.

ವಯಸ್ಸಿನ ಲೆಕ್ಕದಲ್ಲಿ ಆಗುವ ಗೊಂದಲವನ್ನು ಮೊದಲು ತಿಳಿಗೊಳಿಸಿಕೊಳ್ಳಬೇಕು. 1962ರ ಆದಾಯ ತೆರಿಗೆ ನಿಯಮಗಳು ಮರದ ಒಡಲಿನ ಮೀನುಗಾರಿಕಾ ನೌಕೆಗೆ ವರ್ಷಕ್ಕೆ ಶೇ 20ರ ದರದಲ್ಲಿ, ಅಂದರೆ ಪ್ರತಿವರ್ಷ ಉಳಿದ ಮೊತ್ತದ ಐದನೆಯ ಒಂದು ಭಾಗದಷ್ಟು, ಸವಕಳಿಯನ್ನು ಕಳೆಯಲು ಅವಕಾಶ ಕೊಟ್ಟವು. ಈ ದರದಲ್ಲಿ 10 ವರ್ಷ ಕಳೆದರೆ ಪುಸ್ತಕದಲ್ಲಿ ಉಳಿಯುವುದು ಮೂಲ ವೆಚ್ಚದ ಶೇ 11ಕ್ಕೂ ಕಡಿಮೆ. ಅದೇ ಬೋಟ್ ಕಡಲಿನಲ್ಲಿ ಚೆನ್ನಾಗಿಯೇ ದುಡಿಯುತ್ತಿದ್ದು, ಪುಸ್ತಕದ ಬೆಲೆಯ ಹಲವು ಪಟ್ಟಿಗೆ ಮಾರಾಟವಾಗಬಹುದು. ತೆರಿಗೆಯ ಸವಕಳಿ ಸರ್ಕಾರ ಕೊಟ್ಟ ರಿಯಾಯಿತಿಯ ಅಳತೆಯೇ ಹೊರತು ಬೋಟಿನ ಸವೆತದ ಅಳತೆಯಲ್ಲ. ಅಲ್ಲದೆ ಬೋಟಿಗೆ ಒಂದೇ ವಯಸ್ಸಿರುವುದಿಲ್ಲ: ನೋಂದಣಿ ಪತ್ರದಲ್ಲಿ ಬರೆದ ವರ್ಷ ಒಡಲಿನದು, ಎಂಜಿನ್ ಅದರ ಅರ್ಧ ಪ್ರಾಯದ್ದಾಗಿರಬಹುದು, ವಿಂಚ್ ಇನ್ನೊಂದು ಬೋಟಿನಿಂದ ಬಂದದ್ದಾಗಿರಬಹುದು, ಬಲೆ ಕಳೆದ ವರ್ಷದ್ದಾಗಿರಬಹುದು. ಬೆಲೆ ಕಟ್ಟುವವರು ಇವನ್ನು ಬಿಡಿಬಿಡಿಯಾಗಿ ಎಣಿಸಬೇಕು.

ಒಡಲಿನಿಂದ ಆರಂಭಿಸುವುದು ಸಹಜ, ಏಕೆಂದರೆ ಎಂಜಿನ್ ಕೆಟ್ಟರೆ ಬದಲಿಸಬಹುದು, ಒಡಲು ಕೆಟ್ಟರೆ ಬೋಟೇ ಮುಗಿದಂತೆ. ಪಶ್ಚಿಮ ಕರಾವಳಿಯಲ್ಲಿ ದೋಣಿ ಕಟ್ಟಲು ಹೆಸರಾದ ಮರ ಹೆಬ್ಬಲಸು. ಒಳ್ಳೆಯ ಹೆಬ್ಬಲಸಿನ ಹಲಗೆ ಉಪ್ಪುನೀರನ್ನು ದಶಕಗಳ ಕಾಲ ತಾಳಿಕೊಳ್ಳಬಲ್ಲುದಾದರೂ ಅದಕ್ಕೆ ಇಬ್ಬರು ಶತ್ರುಗಳಿದ್ದಾರೆ. ಒಂದು, ಕೊಳೆತ, ಇದು ಸದಾ ಕಡಲಿನಲ್ಲಿ ಮುಳುಗಿರುವ ಭಾಗದಲ್ಲಿ ಕಡಿಮೆ, ಮಳೆನೀರು ನಿಂತು ಗಾಳಿಯಾಡದ ಡೆಕ್ಕಿನ ಅಡಿಯಲ್ಲಿ, ಕ್ಯಾಬಿನ್ನಿನ ಮೂಲೆಗಳಲ್ಲಿ, ಮೀನಿನ ಕೋಣೆಯ ಹೊದಿಕೆಯ ಹಿಂದೆ ಹೆಚ್ಚು. ಇನ್ನೊಂದು, ಮರ ಕೊರೆಯುವ ಟೆರೆಡೊ ಎಂಬ ಹುಳು. ಹುಳು ಎಂದು ಕರೆಸಿಕೊಂಡರೂ ಇದು ಚಿಪ್ಪುಜೀವಿಗಳ ಬಳಗದ ಮೃದ್ವಂಗಿ, ಗುಂಡುಸೂಜಿಯ ತಲೆಯಷ್ಟು ಸಣ್ಣ ರಂಧ್ರದಿಂದ ಮರಿಯಾಗಿ ಒಳಹೊಕ್ಕು, ಒಳಗೇ ಬೆಳೆಯುತ್ತ ಬೆರಳು ಗಾತ್ರದ ಸುರಂಗಗಳನ್ನು ಕೊರೆಯುವುದರಿಂದ, ಹೊರಗಿನಿಂದ ಗಟ್ಟಿಯಾಗಿ ಕಾಣುವ ಹಲಗೆ ಒಳಗೆ ಪೂರ್ತಿ ಪೊಳ್ಳಾಗಿರಲು ಸಾಧ್ಯ. ಈ ಜೀವಿಗೆ ಉಪ್ಪುನೀರು ಬೇಕು. ಮಳೆಗಾಲದಲ್ಲಿ ಬೋಟುಗಳನ್ನು ನದಿಯೊಳಗೆ ತಂದು ಕಟ್ಟುವ ರೂಢಿ ಬಿರುಗಾಳಿಯಿಂದ ಕಾಪಾಡುವುದರ ಜೊತೆಗೆ, ಸಿಹಿನೀರಿನಿಂದ ಈ ಹುಳುವನ್ನು ಕೊಲ್ಲುವ ಕೆಲಸವನ್ನೂ ಮಾಡುತ್ತದೆ. ಮಾರಾಟಕ್ಕಿರುವ ಮರದ ಬೋಟ್ ಈಚಿನ ಮಳೆಗಾಲಗಳನ್ನು ಎಲ್ಲಿ ಕಳೆಯಿತು ಎಂಬ ಪ್ರಶ್ನೆ ಈ ಕಾರಣಕ್ಕಾಗಿ ಬೆಲೆಯ ಪ್ರಶ್ನೆಯೇ ಆಗಿದೆ.

ಅನುಭವವುಳ್ಳ ಆಚಾರಿ ಮರದ ಬೋಟನ್ನು ನೋಡುವಾಗ ಕಣ್ಣಿಗಿಂತ ಸುತ್ತಿಗೆಯನ್ನೇ ಹೆಚ್ಚು ನಂಬುತ್ತಾನೆ: ಗಟ್ಟಿ ಮರ ಕಂಚಿನಂತೆ ದನಿ ಕೊಡುತ್ತದೆ, ಪೊಳ್ಳು ಮರ ಮಂಕಾಗಿ ಸದ್ದು ಮಾಡುತ್ತದೆ. ಬೆನ್ನೆಲುಬಾದ ಕೀಲ್, ಅಂದರೆ ಮುಂದಿನಿಂದ ಹಿಂದಿನವರೆಗೆ ತಳದಲ್ಲಿ ಹಾಯುವ ಅಡಿಮರ, ನೇರವಾಗಿದೆಯೇ ಅಥವಾ ನಡುವೆ ಏರಿ ಎರಡೂ ತುದಿಗಳಲ್ಲಿ ಇಳಿದಿದೆಯೇ ಎಂದು ದಾರ ಹಿಡಿದು ನೋಡಬೇಕಾಗುತ್ತದೆ, ಏಕೆಂದರೆ ಬಾಗಿದ ಕೀಲನ್ನು ನೇರ ಮಾಡುವ ಖರ್ಚು ಹಳೆಯ ಬೋಟಿನ ಬೆಲೆಯನ್ನೇ ಮೀರಬಹುದು. ಹಲಗೆಗಳನ್ನು ಪಕ್ಕೆಗಳಿಗೆ ಬಿಗಿದ ಮೊಳೆ, ಬೋಲ್ಟುಗಳು ತುಕ್ಕು ಹಿಡಿದು ಸಪೂರವಾಗಿದ್ದರೆ ಮರ ಚೆನ್ನಾಗಿದ್ದರೂ ಒಡಲು ಸಡಿಲವೇ; ಒಂದೆರಡು ಬೋಲ್ಟುಗಳನ್ನು ಹೊರತೆಗೆಸಿ ನೋಡಲು ಮಾರುವವನು ಒಪ್ಪದಿದ್ದರೆ ಆ ನಿರಾಕರಣೆಗೂ ಒಂದು ಅರ್ಥವಿದೆ.

ಇಲ್ಲಿ ವಿಶೇಷ ಎಚ್ಚರ ಬೇಕಾದ ಸಂಗತಿಯೆಂದರೆ ಮರದ ಒಡಲಿನ ಮೇಲೆ ಹಾಕಿದ ಫೈಬರ್ ಹೊದಿಕೆ. ಹೊಸ ಮರಕ್ಕೆ, ಚೆನ್ನಾಗಿ ಒಣಗಿಸಿದ ನಂತರ ಗಾಜಿನ ನಾರು ಮತ್ತು ರಾಳದ ಪದರವನ್ನು ಹೊದಿಸಿದರೆ ಅದು ಹುಳುವಿನಿಂದ ನಿಜವಾದ ರಕ್ಷಣೆ ಕೊಡುತ್ತದೆ. 1957ರಲ್ಲಿ ಸ್ಥಾಪನೆಯಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಅಗ್ಗದ ರಬ್ಬರ್ ಮರಕ್ಕೆ ರಾಸಾಯನಿಕ ಉಪಚಾರ ಮಾಡಿ, ಮೇಲೆ ಫೈಬರ್ ಹೊದಿಸಿ ದೋಣಿ ಕಟ್ಟುವ ಕ್ರಮವನ್ನೇ ರೂಪಿಸಿದೆ. ಆದರೆ ಆಗಲೇ ನೀರು ಕುಡಿದ, ಅರ್ಧ ಕೊಳೆತ ಒಡಲಿನ ಮೇಲೆ ಸೋರಿಕೆ ನಿಲ್ಲಿಸಲೆಂದು ಅದೇ ಪದರವನ್ನು ಎಳೆದರೆ ತೇವ ಒಳಗೇ ಸಿಕ್ಕಿಬಿದ್ದು, ಮರ ಆ ಚಿಪ್ಪಿನ ಹಿಂದೆ ಇನ್ನೂ ಬೇಗ ಕೊಳೆಯುತ್ತದೆ, ಹೊರಗೆ ಮಾತ್ರ ನುಣುಪು ಮಿರುಗುತ್ತಿರುತ್ತದೆ. ಹೊದಿಕೆ ಬೋಟಿನ ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನು ಬಿಲ್ಲಿನ ಸಮೇತ ತಿಳಿಯದೆ ಅದಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದು; ತಡವಾಗಿ ಬಂದ ಹೊದಿಕೆಯಾದರೆ ಬೆಲೆ ಇಳಿಸಬೇಕು.

ಉಕ್ಕಿನ ಬೋಟಿನ ಪರೀಕ್ಷೆ ಇದಕ್ಕಿಂತ ಸರಳ, ಏಕೆಂದರೆ ಅದರ ಆಯುಷ್ಯವನ್ನು ಮಿಲಿಮೀಟರುಗಳಲ್ಲಿ ಅಳೆಯಬಹುದು. ಶ್ರವಣಾತೀತ ಧ್ವನಿಯ ಅಲೆಯನ್ನು ತಗಡಿನೊಳಗೆ ಕಳುಹಿಸಿ, ಅದು ಮರಳುವ ವೇಳೆಯಿಂದ ದಪ್ಪವನ್ನು ತಿಳಿಸುವ ಅಂಗೈಯಗಲದ ಉಪಕರಣವೊಂದಿದ್ದು, ತಗಡನ್ನು ಕೊರೆಯದೆಯೇ ಒಡಲಿನುದ್ದಕ್ಕೂ ನೂರಾರು ಕಡೆ ಅಳತೆ ತೆಗೆಯಲು ಅದು ನೆರವಾಗುತ್ತದೆ. 6 ಮಿಲಿಮೀಟರಿನ ತಗಡು 4.5ಕ್ಕೆ ಇಳಿದಿದ್ದರೆ ಕಾಲುಭಾಗ ಲೋಹ ಹೋದಂತೆ. ಅಂಥ ತಗಡನ್ನು ಕತ್ತರಿಸಿ ಹೊಸದು ಕೂಡಿಸುವ ಖರ್ಚನ್ನು ಆಗಲೇ ಬೆಲೆಯಿಂದ ಕಳೆಯಬೇಕು. ತುಕ್ಕು ಎಲ್ಲ ಕಡೆಯೂ ಸಮವಾಗಿ ತಿನ್ನುವುದಿಲ್ಲ: ಎಂಜಿನ್ನಿನ ಕೆಳಗೆ ಎಣ್ಣೆನೀರು ನಿಲ್ಲುವ ತಳ, ಕರಗಿದ ಐಸಿನ ನೀರೂ ಮೀನಿನ ರಕ್ತವೂ ಇಳಿಯುವ ಕೋಣೆಯ ಅಡಿ, ನೀರಿನ ಮಟ್ಟದ ಪಟ್ಟಿ, ಕಂಚಿನ ಪ್ರೊಪೆಲ್ಲರಿನ ಹತ್ತಿರದ ಹಿಂಭಾಗ ಇವು ಮೊದಲು ಸೋಲುವ ಸ್ಥಳಗಳು. ಕಡೆಯದಕ್ಕೆ ಕಾರಣ ವಿದ್ಯುತ್ ರಾಸಾಯನಿಕ ಕ್ರಿಯೆ; ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಜೊತೆಯಾದಾಗ ಉಕ್ಕು ಸವೆಯುತ್ತದೆ, ಅದನ್ನು ತಡೆಯಲು ತಾವೇ ಸವೆಯುವ ಸತುವಿನ ಗಟ್ಟಿಗಳನ್ನು ಒಡಲಿಗೆ ಬಿಗಿಯಲಾಗುತ್ತದೆ. ಈ ಗಟ್ಟಿಗಳು ಪೂರ್ತಿ ಕರಗಿಹೋಗಿದ್ದರೆ ಒಡೆಯನ ನಿರ್ಲಕ್ಷ್ಯಕ್ಕೆ ಅದೇ ಸಾಕ್ಷಿ. ಹಳೆಯ ತಗಡನ್ನು ಕತ್ತರಿಸದೆ ಅದರ ಮೇಲೆಯೇ ಹೊಡೆದ ತೇಪೆಗಳನ್ನು ರಿಪೇರಿ ಎಂದು ಎಣಿಸಲಾಗದು, ಅವು ಮುಂದೂಡಿದ ರಿಪೇರಿಗಳಷ್ಟೆ.

ಪೂರ್ತಿ ಫೈಬರಿನ ಒಡಲು ಕೊಳೆಯುವುದೂ ಇಲ್ಲ, ತುಕ್ಕು ಹಿಡಿಯುವುದೂ ಇಲ್ಲ. ಆದರೆ ಪದರಗಳ ನಡುವೆ ನೀರು ಸೇರಿ ಗುಳ್ಳೆಗಳೇಳುವುದು, ಪದರಗಳೇ ಬಿಡಿಸಿಕೊಳ್ಳುವುದು, ಎಂಜಿನ್ ಕೂರುವ ಪೀಠ ಬಿರುಕು ಬಿಡುವುದು ಉಂಟು, ಇವನ್ನೂ ತಟ್ಟಿ ನೋಡಿಯೇ ಕಂಡುಹಿಡಿಯಬೇಕು.

ಎಂಜಿನ್ನಿಗೆ ಬಂದರೆ, ಅದರ ಹೆಸರು ಮತ್ತು ಅಶ್ವಶಕ್ತಿ ಕೇಳಿ ಬೆಲೆ ಹೇಳುವುದು ದಕ್ಕೆಯ ರೂಢಿಯಾದರೂ, ಅದರ ಉಳಿದ ಆಯುಷ್ಯವನ್ನು ಹೇಳುವುದು ಓಡಿದ ಗಂಟೆಗಳು ಮತ್ತು ರಿಪೇರಿಯ ಬಿಲ್ಲುಗಳು. ಪರೀಕ್ಷೆಯ ದಿನ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ತಿಳಿಸಬೇಕು. ಕೊಳ್ಳುವವರು ಬರುವ ಮುಂಚೆ ಬಿಸಿ ಮಾಡಿಟ್ಟ ಎಂಜಿನ್ ಸ್ಟಾರ್ಟ್ ಆಗುವ ಕಷ್ಟವನ್ನು ಮರೆಮಾಚುತ್ತದೆ. ಹೊಗೆಯ ಬಣ್ಣವೂ ಮಾತಾಡುತ್ತದೆ: ಬಿಡದೆ ಬರುವ ಕಪ್ಪು ಹೊಗೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದೋ ಎಂಜಿನ್ನಿನ ಮೇಲೆ ಮಿತಿಮೀರಿದ ಹೊರೆಯಿದೆಯೆಂದೋ ಹೇಳುತ್ತದೆ, ನೀಲಿ ಹೊಗೆ ಪಿಸ್ಟನ್ ರಿಂಗುಗಳು ಸವೆದು ಆಯಿಲ್ ಉರಿಯುವುದನ್ನು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಒಳಗೆ ನೀರು ಸೇರುವುದನ್ನು ಅಥವಾ ಡೀಸೆಲ್ ಉರಿಯದೆ ಹೋಗುವುದನ್ನು ಸೂಚಿಸುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆ. ಇವೆಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಕಡಲಿನಲ್ಲೇ ನಡೆಯುವಂಥದು: ಅಳಿವೆ ದಾಟಿ ಪೂರ್ತಿ ವೇಗಕ್ಕೆ ಏರಿಸಿದಾಗ ಎಂಜಿನ್ ತಯಾರಕರು ಹೇಳಿದ ಸುತ್ತುಗಳನ್ನು ಮುಟ್ಟಿ, ಆ ವೇಗವನ್ನು ಹಿಡಿದುಕೊಂಡು, ಅರ್ಧ ಗಂಟೆಯಾದರೂ ಉಷ್ಣಾಂಶ ಏರದೆ ಓಡಬೇಕು. ಮುಟ್ಟದಿದ್ದರೆ ಎಂಜಿನ್ ಸೊರಗಿದೆ, ಇಲ್ಲವೇ ಪ್ರೊಪೆಲ್ಲರ್ ಹೊಂದುತ್ತಿಲ್ಲ, ಅದೂ ಅಲ್ಲವಾದರೆ ತಳಕ್ಕೆ ಬಾರ್ನಕಲ್ ಮೆತ್ತಿದೆ. ಕಾರಣ ಯಾವುದೇ ಇರಲಿ ಅದು ಡೀಸೆಲ್ಲಿನ ಖರ್ಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೋಟನ್ನು ಮುನ್ನಡೆಸಲು ಬೇಕಾದ ಶಕ್ತಿ ವೇಗದ ಸುಮಾರು ಘನದಷ್ಟು ಏರುತ್ತದೆ, ಅಂದರೆ ಸ್ವಲ್ಪವೇ ಹೆಚ್ಚು ವೇಗಕ್ಕೆ ಬಹಳ ಹೆಚ್ಚು ಡೀಸೆಲ್ ಬೇಕು. ಈ ಕಾರಣದಿಂದ ಒಡಲಿನ ಅಳತೆಗೆ ಮೀರಿದ ದೊಡ್ಡ ಎಂಜಿನ್ ಬೋಟಿನ ಬೆಲೆಯನ್ನು ಏರಿಸುತ್ತದೆಂಬ ನಂಬಿಕೆ ಸರಿಯಲ್ಲ. ಎಷ್ಟೋ ಸಲ ಅದು ಹೊಸ ಒಡೆಯನ ಹೆಗಲಿಗೆ ದಾಟಿಸಿದ ಡೀಸೆಲ್ ಬಿಲ್ಲು.

ಗೇರ್‌ಬಾಕ್ಸ್, ಶಾಫ್ಟ್, ಶಾಫ್ಟ್ ಹೊರಹೋಗುವ ಕೊಳವೆಯ ಬೇರಿಂಗ್, ಚುಕ್ಕಾಣಿ, ವಿಂಚ್ ಇವುಗಳಲ್ಲಿ ಒಂದೊಂದನ್ನೂ ಹೊರೆ ಹೊರಿಸಿ ನೋಡಬೇಕು. ಬಲೆ, ರೋಪು, ಬಲೆಯ ಬಾಯನ್ನು ಅಗಲಿಸಿ ಹಿಡಿಯುವ ಬೋರ್ಡುಗಳು ಸವೆಯುವ ಸಾಮಾನುಗಳಾದ್ದರಿಂದ ಅವುಗಳಿಗೆ ಕೊಂಡ ಬೆಲೆಯ ಸಣ್ಣ ಪಾಲನ್ನಷ್ಟೇ ಕೊಡುವುದು ಸರಿ. ಜಿಪಿಎಸ್, ಮೀನು ತೋರಿಸುವ ಎಕೊ ಸೌಂಡರ್, ವಿಎಚ್‌ಎಫ್ ರೇಡಿಯೊಗಳ ಬೆಲೆ ಇನ್ನೂ ಬೇಗ ಇಳಿಯುತ್ತದೆ. ಕೇಂದ್ರ ಸರ್ಕಾರವು 364 ಕೋಟಿ ರೂಪಾಯಿಗಳ ಯೋಜನೆಯಲ್ಲಿ 1 ಲಕ್ಷ ಬೋಟುಗಳಿಗೆ ಉಚಿತವಾಗಿ ಅಳವಡಿಸಲು ಹೊರಟ ಉಪಗ್ರಹ ಟ್ರಾನ್ಸ್‌ಪಾಂಡರ್ ಬೋಟಿನಲ್ಲಿದ್ದರೆ, ಅದು ಜೀವರಕ್ಷಣೆಗೆ ಅಮೂಲ್ಯವಾದರೂ, ಅದನ್ನು ಮಾರಾಟದ ಬೆಲೆಗೆ ಸೇರಿಸಿ ಕೇಳುವುದು ನ್ಯಾಯವಲ್ಲ.

ಎಲ್ಲ ಭಾಗಗಳೂ ಗಟ್ಟಿಯಾಗಿದ್ದರೂ ಬೋಟ್ ಹಳತಾಗಬಹುದು, ಮೀನುಗಾರಿಕೆಯ ಕ್ರಮವೇ ಬದಲಾದಾಗ. ಮೌಲ್ಯಮಾಪನದಲ್ಲಿ ಇದಕ್ಕೆ ಬಳಕೆಯ ಅಪ್ರಸ್ತುತತೆ ಎನ್ನಬಹುದು. 1952ರಲ್ಲಿ ಒಪ್ಪಂದವಾಗಿ ಕೇರಳದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ ಪಶ್ಚಿಮ ಕರಾವಳಿಗೆ ಯಾಂತ್ರಿಕ ದೋಣಿಯ ದಾರಿ ತೋರಿಸಿತು. 1970ರ ದಶಕದ ನಡುವಿನಲ್ಲಿ ಕರ್ನಾಟಕಕ್ಕೆ, ಬೋಟಿನಿಂದ ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆ ಬಂದು, ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿಯನ್ನು ಕೆಲವೇ ವರ್ಷಗಳಲ್ಲಿ ಮೂಲೆಗೆ ತಳ್ಳಿತು. ರಂಪಣಿ ಹೋದದ್ದು ಬಲೆ ಹರಿದದ್ದರಿಂದಲ್ಲ. ಬೆಳಗ್ಗೆ ಹೋಗಿ ಸಂಜೆ ಮರಳುವ ಮೀನುಗಾರಿಕೆಗೆಂದು ಕಟ್ಟಿದ ಸಣ್ಣ ಟ್ರಾಲ್ ಬೋಟಿಗೂ, ವಾರ, ಹತ್ತು ದಿನ ಆಳಸಮುದ್ರದಲ್ಲಿ ನಿಲ್ಲುವ ಬೋಟುಗಳ ನಡುವೆ ಅದೇ ಗತಿ ಒದಗಿದೆ: ಐಸ್ ತುಂಬುವ ಜಾಗ ಸಾಲದು, ಡೀಸೆಲ್ ಟ್ಯಾಂಕ್ ಚಿಕ್ಕದು, ಮೀನಿನ ಕೋಣೆಗೆ ಶಾಖ ತಡೆಯುವ ಪಫ್ ಹೊದಿಕೆಯಿಲ್ಲ. ಹೊದಿಕೆಯಿದ್ದರೂ ಅದು ವರ್ಷಗಟ್ಟಲೆ ನೀರು ಹೀರಿದ್ದರೆ ಬೋಟ್ ಭಾರವಾಗಿರುತ್ತದೆ, ಐಸ್ ಬೇಗ ಕರಗುತ್ತದೆ, ಬೊಂಡಾಸ, ಅಂಜಲಿನಂಥ ಒಳ್ಳೆಯ ಬೆಲೆಯ ಮೀನು ಹರಾಜಿಗೆ ಬರುವಷ್ಟರಲ್ಲಿ ಎರಡನೆಯ ದರ್ಜೆಗೆ ಇಳಿದಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಬೋಟಿನ ಅರ್ಧ ಪರೀಕ್ಷೆಯಷ್ಟೇ ಮುಗಿದಿರುತ್ತದೆ, ಉಳಿದರ್ಧ ಕಾಗದಗಳದು. ಕಡಲಿಗಿಳಿಯುವ ಬೋಟಿಗೆ ನೋಂದಣಿ ಬೇಕು, 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯಂತೆ ಮೀನು ಹಿಡಿಯುವ ಪರವಾನಗಿ ಬೇಕು, ಮತ್ತು ತೆರಿಗೆ ವಿನಾಯಿತಿಯ ಡೀಸೆಲ್ ಸಿಗುವುದು ಈ ಕಾಗದಗಳು ಸರಿಯಾಗಿರುವವರಿಗೆ ಮಾತ್ರ. ಹೊಸ ಯಾಂತ್ರಿಕ ದೋಣಿ ಕಟ್ಟಿಸಲು ಮೀನುಗಾರಿಕೆ ಇಲಾಖೆಯ ಸಾಧ್ಯತಾ ಪತ್ರ, ಅಂದರೆ ಪೂರ್ವಾನುಮತಿ, ಬೇಕಾಗಿರುವುದರಿಂದ, ನೋಂದಣಿಯುಳ್ಳ ಹಳೆಯ ಬೋಟಿನ ಬೆಲೆಯಲ್ಲಿ ಮರ, ಕಬ್ಬಿಣಗಳ ಜೊತೆಗೆ ಒಂದು ಹಕ್ಕಿನ ಬೆಲೆಯೂ ಅಡಗಿರುತ್ತದೆ. ಆ ಹಕ್ಕು ಕೊಂಡವನ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳದೆ ಅದಕ್ಕೆ ಹಣ ಕೊಡುವುದು ತಪ್ಪು. ನೋಂದಣಿ ಪತ್ರದಲ್ಲಿರುವ ಉದ್ದ, ಅಗಲ, ಎಂಜಿನ್ ಸಂಖ್ಯೆಗಳನ್ನು ಬೋಟಿನ ಮೇಲಿನವುಗಳೊಂದಿಗೆ ತಾಳೆ ನೋಡಬೇಕು. ಎಂಜಿನ್ ಬದಲಿಸಿ ಕಾಗದ ಬದಲಿಸದೆ ಬಿಟ್ಟಿದ್ದರೆ ಮುಂದೆ ವಿಮೆಯ ಕ್ಲೇಮಿನ ಹೊತ್ತಿಗೆ ಅದು ಎದ್ದುನಿಲ್ಲುತ್ತದೆ. ಬೋಟ್ ಸರ್ಕಾರದ ಸಹಾಯಧನದಿಂದ ಕಟ್ಟಿದ್ದಾದರೆ ಮಾರಾಟಕ್ಕೆ ಸಂಬಂಧಿಸಿದ ಷರತ್ತುಗಳನ್ನು ಮೂಲ ಮಂಜೂರಾತಿಯಲ್ಲೇ ಓದಬೇಕು.

ಬೆಲೆಯನ್ನು ಕಾನೂನು ಹೇಗೆ ಕರಗಿಸಬಲ್ಲುದು ಎಂಬುದಕ್ಕೆ ಬೆಳಕಿನ ಮೀನುಗಾರಿಕೆ ನೇರ ನಿದರ್ಶನ. ರಾತ್ರಿ ಪ್ರಖರ ಎಲ್‌ಇಡಿ ದೀಪಗಳಿಂದ ಮೀನನ್ನು ಸೆಳೆಯುವ ಕ್ರಮವನ್ನೂ, ಎರಡು ಬೋಟುಗಳು ಜೊತೆಯಾಗಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ದೇಶದ ಕಡಲ ಆರ್ಥಿಕ ವಲಯದಲ್ಲಿ ನಿಷೇಧಿಸಿತು. ಅದಕ್ಕೆಂದೇ ಜೋಡಿಸಿದ ಜನರೇಟರು, ದೀಪಗಳಿಗೆ ಅಂದಿನಿಂದ ನ್ಯಾಯಬದ್ಧ ದುಡಿಮೆ ಇಲ್ಲ. ಆದರೂ ಇಂಥ ಸಲಕರಣೆಯ ಖರ್ಚನ್ನು ಬೆಲೆಗೆ ಸೇರಿಸಿ ಹೇಳುವವರಿದ್ದರೆ ಅದನ್ನು ಸೊನ್ನೆ ಎಂದೇ ಎಣಿಸಬೇಕು. ಆ ದುಡಿಮೆಯಿಂದ ಬಂದ ಹಿಡುವಳಿಯನ್ನು ತೋರಿಸಿ ಆದಾಯದ ಲೆಕ್ಕ ಕೊಟ್ಟರೆ ಅದನ್ನೂ ಒಪ್ಪಬಾರದು. ಸಣ್ಣ ಮೀನನ್ನೂ ಬಿಡದೆ ಬಾಚುವ ಆ ಕ್ರಮಗಳು ನಾಡದೋಣಿಯವರ ಅನ್ನವನ್ನು ಕಸಿಯುತ್ತವೆ ಎಂಬ ದೊಡ್ಡ ಮಾತನ್ನು ಬದಿಗಿಟ್ಟರೂ, ಬರಿಯ ವ್ಯವಹಾರದ ದೃಷ್ಟಿಯಿಂದಲೂ ಅದು ಮುಟ್ಟುಗೋಲಿನ ಅಪಾಯವಿರುವ ಆದಾಯ.

ಕಾಗದದಲ್ಲಿ ಕಾಣದ ಸಾಲಗಳೂ ಇವೆ. ಬ್ಯಾಂಕ್ ಅಥವಾ ಸಂಘದ ಅಡಮಾನವಿದ್ದರೆ ನಿರಾಕ್ಷೇಪಣಾ ಪತ್ರ ಕೇಳಬಹುದು. ಆದರೆ 2017ರ ಅಡ್ಮಿರಾಲ್ಟಿ ಕಾಯಿದೆಯು ನಾವಿಕರ ವೇತನದಂಥ ಕೆಲವು ಬಾಕಿಗಳಿಗೆ ಬೋಟಿನ ಮೇಲೆಯೇ ಹಕ್ಕು ಕೊಟ್ಟಿದ್ದು, ಒಡೆಯ ಬದಲಾದರೂ ಆ ಹಕ್ಕು ಅಳಿಯುವುದಿಲ್ಲ, ವೇತನದ ವಿಷಯದಲ್ಲಿ ಅದು 2 ವರ್ಷಗಳವರೆಗೆ ಬದುಕಿರುತ್ತದೆ. ಬಾಕಿಯಿಲ್ಲವೆಂದು ತಂಡೇಲ ಮತ್ತು ಕಲಾಸಿಗಳಿಂದ ಬರೆಸಿಕೊಳ್ಳುವುದು ದುಡಿದವರಿಗೆ ತೋರುವ ಗೌರವವೂ ಹೌದು, ಕೊಳ್ಳುವವನ ರಕ್ಷಣೆಯೂ ಹೌದು. ಹಾಗೆಯೇ ಮೀನನ್ನು ತನ್ನ ಮೂಲಕವೇ ಮಾರಬೇಕೆಂಬ ಒಪ್ಪಂದದ ಮೇಲೆ ಹರಾಜಿನ ಏಜೆಂಟರು ಕೊಟ್ಟ ಮುಂಗಡ, ಐಸ್ ಮತ್ತು ಡೀಸೆಲ್ಲಿನ ಉದ್ರಿ, ಬರುವ ಋತುವಿಗೆಂದು ಕಲಾಸಿಗಳಿಗೆ ಕೊಟ್ಟ ಮುಂಗಡ ಇವೆಲ್ಲ ಯಾರ ಪಾಲಿಗೆ ಎಂಬುದು ಕರಾರಿನಲ್ಲಿ ಬರಬೇಕು.

ಆದಾಯದ ಲೆಕ್ಕಕ್ಕೆ ಕನಿಷ್ಠ ಮೂರು ವರ್ಷಗಳ ಹರಾಜಿನ ಚೀಟಿಗಳೂ ಡೀಸೆಲ್ಲಿನ ದಾಖಲೆಯೂ ಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ವರ್ಷದಲ್ಲಿ ಉಳಿಯುವುದು 304 ದಿನ; ಅದರಲ್ಲಿ ಹವಾಮಾನ, ಹಬ್ಬ, ರಿಪೇರಿ, ಕಲಾಸಿಗಳ ಕೊರತೆಗಳಿಗೆ ಹೋದದ್ದನ್ನು ಕಳೆಯಬೇಕು. 2019ರ ಅಕ್ಟೋಬರಿನ ಕ್ಯಾರ್, 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತಗಳು ಬೋಟುಗಳನ್ನು ದಡಕ್ಕೆ ಕಟ್ಟಿಹಾಕಿದ ವರ್ಷಗಳನ್ನು ಅಪರೂಪವೆಂದು ಬಿಟ್ಟುಬಿಡಲಾಗದು, ಬೂತಾಯಿ, ಬಂಗುಡೆಗಳು ರಾಶಿಯಾಗಿ ಬಂದ ಒಂದು ವರ್ಷವನ್ನು ಹಿಡಿದು ಮುಂದಿನ ಎಲ್ಲ ವರ್ಷಗಳನ್ನೂ ಅಳೆಯಲಾಗದು. ಒಟ್ಟು ಮಾರಾಟದಿಂದ ಡೀಸೆಲ್, ಐಸ್, ರೇಷನ್, ಹರಾಜಿನ ಕಮಿಷನ್ ಕಳೆದು, ತಂಡೇಲ ಮತ್ತು ಕಲಾಸಿಗಳ ಪಾಲು ಕೊಟ್ಟು, ಬಲೆ ಹಾಗೂ ವರ್ಷದ ರಿಪೇರಿ, ವಿಮೆಗಳನ್ನು ತೆಗೆದಿಟ್ಟ ನಂತರ ಉಳಿಯುವುದಷ್ಟೇ ಬೋಟಿನ ಆದಾಯ. ಒಡೆಯನೇ ತಂಡೇಲನಾಗಿದ್ದರೆ ಅವನ ದುಡಿಮೆಯ ಪಾಲನ್ನೂ ಬಿಡಿಸಿಡಬೇಕು, ಏಕೆಂದರೆ ಅದು ಮನುಷ್ಯನ ಗಳಿಕೆ, ಬೋಟಿನದಲ್ಲ.

ಈ ಎಳೆಗಳನ್ನು ಒಂದು ಕಲ್ಪಿತ ಲೆಕ್ಕದಲ್ಲಿ ಕೂಡಿಸಿ ನೋಡಬಹುದು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು ಆಳಸಮುದ್ರ ನೌಕೆಯೊಂದಕ್ಕೆ 120 ಲಕ್ಷ ರೂಪಾಯಿಗಳ ಘಟಕ ವೆಚ್ಚವನ್ನು ಗೊತ್ತುಪಡಿಸಿತ್ತು. ಅದೇ ಅಂಕಿಯನ್ನು ಹೊಸ ಉಕ್ಕಿನ ಬೋಟಿನ ಖರ್ಚೆಂದು ಇಟ್ಟುಕೊಂಡು, ಒಡಲಿಗೆ 55, ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 25, ವಿಂಚ್, ಮೀನಿನ ಕೋಣೆ ಮೊದಲಾದವಕ್ಕೆ 20, ಬಲೆ ಮತ್ತು ವಿದ್ಯುನ್ಮಾನ ಸಾಧನಗಳಿಗೆ 20 ಲಕ್ಷ ಎಂದು ಹಂಚಬಹುದು. ಮಾರಾಟಕ್ಕಿರುವ ಬೋಟಿಗೆ 14 ವರ್ಷವಾಗಿದ್ದು ಒಡಲಿನ ಆಯುಷ್ಯ 25 ಎಂದಾದರೆ ಉಳಿದ 11 ವರ್ಷಗಳಿಗೆ 24.2 ಲಕ್ಷ, 6 ವರ್ಷದ ಹಿಂದೆ ಕೂರಿಸಿದ, 10 ವರ್ಷ ಬಾಳುವ ಎಂಜಿನ್ನಿಗೆ 10 ಲಕ್ಷ, ವಿಂಚ್ ಮುಂತಾದವಕ್ಕೆ ಅರ್ಧದಂತೆ 10, ಬಲೆ ಮತ್ತು ಸಾಧನಗಳಿಗೆ ಕಾಲುಭಾಗದಂತೆ 5 ಲಕ್ಷ, ಒಟ್ಟು 49.2 ಲಕ್ಷ. ಸವೆದ ತಗಡು ಮತ್ತು ಶಾಫ್ಟಿನ ರಿಪೇರಿಗೆ 6.2 ಲಕ್ಷ ಬೇಕೆಂದು ತಿಳಿದುಬಂದರೆ ವೆಚ್ಚದ ದಾರಿಯಿಂದ ದೊರೆಯುವ ಬೆಲೆ 43 ಲಕ್ಷ.

ಅದೇ ಬೋಟ್ ವರ್ಷಕ್ಕೆ ನಿವ್ವಳ 9 ಲಕ್ಷ ದುಡಿಯುತ್ತದೆ, ಕೊಳ್ಳುವವನು 7 ವರ್ಷ ಇಟ್ಟುಕೊಂಡು ಕೊನೆಗೆ 25 ಟನ್ ಕಬ್ಬಿಣವನ್ನು ಕಿಲೋಗೆ ನಿವ್ವಳ 24 ರೂಪಾಯಿಯಂತೆ 6 ಲಕ್ಷಕ್ಕೆ ಗುಜರಿಗೆ ಹಾಕುತ್ತಾನೆ ಎಂದಿಟ್ಟುಕೊಳ್ಳೋಣ. ಕಡಲಿನ ಅಪಾಯಕ್ಕೆ ತಕ್ಕಂತೆ ಶೇ 18ರ ಪ್ರತಿಫಲ ಬೇಕೆಂದಾದರೆ, ನಾಳೆಯ ಹಣವನ್ನು ಆ ದರದಲ್ಲಿ ಇಂದಿನ ಹಣಕ್ಕೆ ಇಳಿಸಿದಾಗ ಏಳು ವರ್ಷಗಳ ಆದಾಯ ಸುಮಾರು 34.3 ಲಕ್ಷ, ಗುಜರಿ ಸುಮಾರು 1.9 ಲಕ್ಷ, ಒಟ್ಟು 36.2 ಲಕ್ಷವಾಗುತ್ತದೆ; ರಿಪೇರಿಯ 6.2 ಲಕ್ಷವನ್ನು ಇಲ್ಲಿಯೂ ಕಳೆದರೆ ಉಳಿಯುವುದು 30 ಲಕ್ಷ. ವೆಚ್ಚದ ಬೆಲೆಗೂ ಆದಾಯದ ಬೆಲೆಗೂ ನಡುವಿನ 13 ಲಕ್ಷದ ಅಂತರವೇ ಚೌಕಾಶಿಯ ನೆಲ. ಮಾರುವವನು ತಾನು ಹಾಕಿದ ಖರ್ಚನ್ನು ನೆನೆದು ಮೊದಲನೆಯದರ ಕಡೆಗೆ ಎಳೆಯುವುದು ಸಹಜ. ಆದರೆ ಸಾಲ ಮಾಡಿ ಕೊಳ್ಳುವವನ ಕಂತನ್ನು ತೀರಿಸುವುದು ಎರಡನೆಯದು, ಆದ್ದರಿಂದ ಅವನು ಅದಕ್ಕೆ ಹತ್ತಿರವೇ ನಿಲ್ಲಬೇಕು. ವರ್ಷದ ನಿವ್ವಳ 9 ಲಕ್ಷದಿಂದ 7 ಲಕ್ಷಕ್ಕೆ ಇಳಿದರೆ ಬೋಟಿನ ಬೆಲೆ 30 ಲಕ್ಷದಿಂದ ಸುಮಾರು 22.4 ಲಕ್ಷಕ್ಕೆ ಬೀಳುತ್ತದೆ ಎಂಬುದನ್ನೂ ಗಮನಿಸಬೇಕು: ಡೀಸೆಲ್ ದರದ ಒಂದು ಏರಿಕೆಗೆ ಅಷ್ಟು ಮಾಡುವ ಶಕ್ತಿಯಿದೆ.

ಈ ಪರೀಕ್ಷೆಗಳಿಗೆಲ್ಲ ತಕ್ಕ ಕಾಲ ನಿಷೇಧದ ಎರಡು ತಿಂಗಳು. ಆಗ ಬೋಟುಗಳು ಯಾರ್ಡಿನಲ್ಲಿ ಮೇಲಕ್ಕೆ ಬಂದಿರುತ್ತವೆ, ತಳ ಕಣ್ಣಿಗೆ ಬೀಳುತ್ತದೆ, ಆಚಾರಿಗೂ ವೆಲ್ಡರಿಗೂ ಬಿಡುವಿಲ್ಲದಿದ್ದರೂ ಕೈಗೆ ಸಿಗುತ್ತಾರೆ. ಬಣ್ಣ ಬಳಿಯುವ ಮುಂಚೆಯೇ ನೋಡುವುದು ಮುಖ್ಯ. ಕಡಲಿನ ಓಟದ ಪರೀಕ್ಷೆಯನ್ನು ಮಾತ್ರ ಋತು ತೆರೆದ ಮೇಲೆ ಮಾಡಬೇಕಾಗುವುದರಿಂದ, ಹಣದ ಒಂದು ಪಾಲನ್ನು ಆ ಪರೀಕ್ಷೆಗೆ ಮತ್ತು ನೋಂದಣಿಯ ವರ್ಗಾವಣೆಗೆ ಗಂಟುಹಾಕಿ ಉಳಿಸಿಕೊಳ್ಳುವ ಕರಾರು ಇಬ್ಬರಿಗೂ ನ್ಯಾಯವೇ. ನೂಲು ಹುಣ್ಣಿಮೆಯ ಸಮುದ್ರಪೂಜೆಯೊಳಗೆ ಬೋಟ್ ಇಳಿಸಬೇಕೆಂಬ ಆತುರದಲ್ಲಿ ತಳ ನೋಡದೆ ಮುಂಗಡ ಕೊಡುವುದಕ್ಕಿಂತ ಕೆಲವು ವಾರಗಳ ದುಡಿಮೆ ಕಳೆದುಕೊಳ್ಳುವುದು ಅಗ್ಗ.

ವ್ಯಕ್ತಿಗಳು ಎಷ್ಟೇ ಎಚ್ಚರ ವಹಿಸಿದರೂ ಹೋಲಿಕೆಯ ವಿಧಾನದ ದೌರ್ಬಲ್ಯವನ್ನು ಒಬ್ಬೊಬ್ಬರೇ ನೀಗಲಾರರು. ಬೋಟಿನ ಒಡೆತನ ವರ್ಗವಾದಾಗಲೆಲ್ಲ ಅದರ ಉದ್ದ, ಒಡಲಿನ ಬಗೆ, ಎಂಜಿನ್ನಿನ ಪ್ರಾಯ, ಕೊಟ್ಟ ಬೆಲೆ ಇಷ್ಟನ್ನು ಒಡೆಯರ ಹೆಸರಿಲ್ಲದೆ ಬಂದರಿನ ಕಚೇರಿಯಲ್ಲಿ ಬರೆದಿಟ್ಟು ಎಲ್ಲರಿಗೂ ತೆರೆದಿಟ್ಟರೆ, ಕೆಲವೇ ವರ್ಷಗಳಲ್ಲಿ ಕರಾವಳಿಗೆ ನಂಬಬಹುದಾದ ಬೆಲೆಯ ದಾಖಲೆ ಸಿಗುತ್ತದೆ. ಮೀನುಗಾರರ ಸಹಕಾರಿ ಸಂಘಗಳು ಹಳೆಯ ಬೋಟಿಗೆ ಸಾಲ ಕೊಡುವ ಮುನ್ನ ಒಡಲಿನ ಲಿಖಿತ ಪರೀಕ್ಷಾ ವರದಿಯನ್ನು ಕಡ್ಡಾಯ ಮಾಡಿ, ಅದರ ಖರ್ಚನ್ನು ಸಾಲಕ್ಕೇ ಸೇರಿಸಬೇಕು. ಅಂಥ ವರದಿ ಸಾಲದ ಹಣವನ್ನಷ್ಟೇ ಅಲ್ಲ, ಆ ಬೋಟಿನಲ್ಲಿ ಅಳಿವೆ ದಾಟುವ ಕಲಾಸಿಗಳ ಜೀವವನ್ನೂ ಕಾಯುತ್ತದೆ. ಬರುವ ಜೂನ್ ತಿಂಗಳ ನಿಷೇಧದ ಹೊತ್ತಿಗೆ ಮೀನುಗಾರಿಕೆ ಇಲಾಖೆಯೂ ಸಂಘಗಳೂ ಒಂದೇ ಒಂದು ಬಂದರಿನಲ್ಲಾದರೂ ಇದನ್ನು ಆರಂಭಿಸಬೇಕು.